ಸೇವಂತಿಗೆಗೂ ರಾತ್ರಿ ಬೇಕು

ಇತ್ತೀಚೆಗೆ ನನಗೆ ಸುಸ್ತು. ಜ್ವರವಿಲ್ಲ, ನೆಗಡಿಯಿಲ್ಲ, ಬರೀ ಸುಸ್ತು. ಯಲಬುರ್ಗಾದಿಂದ ತಳಕಲ್ಲಿನ ಶಾಲೆಗೆ ಹೋಗುವ ಬಸ್ಸಿನಲ್ಲಿ ಕೂತರೆ ಸಾಕು, ತಲೆ ಪಕ್ಕದವರ ಹೆಗಲು ಹುಡುಕುತ್ತದೆ. ಹೆಗಲು ಕೊಟ್ಟವರೆಲ್ಲ ಪುಣ್ಯವಂತರು. ಅವರ ಹೆಸರು ಕೇಳುವಷ್ಟು ಎಚ್ಚರ ನನಗಿರುವುದಿಲ್ಲ.

ಕಾರಣ, ಕಿಟಕಿಯ ಮುಂದಿನ ಬೀದಿದೀಪ. ಹಾಕಿಸಿದವಳೂ ನಾನೇ. ಪಕ್ಕದ ಮನೆಯ ಮಾಬೂಬಿಯ ಮಗಳು ಕೊಪ್ಪಳದ ಬಟ್ಟೆ ಅಂಗಡಿಯಿಂದ ಕೊನೆಯ ಬಸ್ಸಿಗೆ ಬರುತ್ತಾಳೆ. ಕತ್ತಲ ಓಣಿಯಲ್ಲಿ ಹುಡುಗಿ ಹೆದರಬಾರದೆಂದು ಬೇಸಿಗೆಯಲ್ಲಿ ಓಡಾಡಿ, ಕಾಡಿ ಬೇಡಿ ಹಾಕಿಸಿದೆ. ಹಾಕಿದರು ನೋಡಿ, ಸರಿಯಾಗಿ ನನ್ನ ಕಿಟಕಿಗೇ! ನಾನೊಬ್ಬಳೇ ಇರುವ ಒಂದು ಕೋಣೆಯ ಮನೆ. ಕಿಟಕಿ ತೆರೆದರೆ ಮುಖದ ಮೇಲೆ ಹಗಲು, ಮುಚ್ಚಿದರೆ ಸೆಕೆ. ಆರಿಸಿ ಎನ್ನಲು ಬಾಯಿ ಬರುವುದಿಲ್ಲ, ಆ ಹುಡುಗಿ ಈಗ ಫೋನಿನಲ್ಲಿ ನಗುತ್ತ ಬರುತ್ತಾಳೆ.

ಕಿಟಕಿಯ ಕೆಳಗೆ ಕುಂಡದಲ್ಲಿ ಸೇವಂತಿಗೆ ಇದೆ. ಈ ಗಿಡದ ಸಂಸಾರ ಎರಡು ಬಗೆ. ಬುಡದಿಂದ ಮರಿಗಳನ್ನು ಎಬ್ಬಿಸಿ ತನ್ನನ್ನೇ ಮತ್ತೆ ಮತ್ತೆ ಹುಟ್ಟಿಸಿಕೊಳ್ಳುವುದು ಒಂದು, ಹೂ ಬಿಡುವುದು ಇನ್ನೊಂದು. ಇರುವ ಕಸುವನ್ನೇ ಎರಡಕ್ಕೂ ಹಂಚಬೇಕು. ಈ ವರ್ಷ ಮರಿಗಳೋ ಮರಿಗಳು! ಮಳೆಗಾಲದಲ್ಲಿ ಓಣಿಗೆಲ್ಲ ಹಂಚಿ ದೊಡ್ಡಸ್ತಿಕೆ ಮೆರೆದೆ. ದೀಪಾವಳಿಗೆ ನಾನು ಕೊಟ್ಟ ಮರಿಗಳೆಲ್ಲ ಅವರಿವರ ಹಿತ್ತಲಲ್ಲಿ ಹಳದಿ ಹಳದಿ. ನನ್ನ ಕುಂಡದಲ್ಲಿ ಎಲೆ, ಮತ್ತೆ ಎಲೆ, ಪಕ್ಕದಲ್ಲಿ ಇನ್ನೊಂದು ಮರಿ. ಹಬ್ಬಕ್ಕೆ ಸಗಣಿಯಲ್ಲಿ ಮಾಡಿ ಬಾಗಿಲಲ್ಲಿ ಕೂರಿಸುವ ಪಾಂಡವರಿಗೆ ಮುಡಿಸಲು ಮಾಬೂಬಿಯೇ ಸೆರಗಿನಲ್ಲಿ ಹೂ ತಂದುಕೊಟ್ಟಳು.

ರಾತ್ರಿ ಉದ್ದವಾದರೆ ಮಾತ್ರ ಸೇವಂತಿಗೆಗೆ ಹೂವಿನ ಯೋಚನೆ ಬರುತ್ತದೆ. ಬೆಳಕು ಬೀಳುತ್ತಿದ್ದರೆ ಬೆಳೆಯುತ್ತಲೇ ಇರುತ್ತದೆ. ಇದನ್ನು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದು ಪಾಠ ಹೇಳುವ ವಿಜ್ಞಾನದ ಟೀಚರು ನಾನು! ಮನೆಯಲ್ಲಿ ಮಾತ್ರ ಗೊಬ್ಬರ ಹಾಕಿದ್ದೇ ಹಾಕಿದ್ದು.

ಇದೂ ಬೀದಿದೀಪದ್ದೇ ಕೆಲಸವೆಂದು ಹೊಳೆದ ಮೇಲೆ ಮಾಬೂಬಿಗೆ ಹೇಳಿದೆ. ಅವಳು ಗಿಡ ನೋಡಲಿಲ್ಲ, ನನ್ನ ಮುಖ ನೋಡಿದಳು.

"ಗಿಡಕ್ಕ ರಾತ್ರಿ ಇಲ್ಲಂತ ಗೊತ್ತಾತು, ಛಲೋ ಆತು. ನಿಮ್ಮದು ಯಾವಾಗ ಗೊತ್ತಾಗೂದ್ರಿ ಟೀಚರ್ರ? ಕಣ್ಣು ನೋಡ್ರಿ, ಹೆಂಗ ಒಳಗ ಹೋಗ್ಯಾವ! ನಮ್ಮ ಹಿತ್ತಲ ಖೋಲಿ ಖಾಲಿ ಐತಿ, ಅಲ್ಲಿಗೆ ದೀಪದ ಬೆಳಕು ಬರಂಗಿಲ್ಲ, ರಾತ್ರಿ ಬಂದು ಮಲಗ್ರಿ."

"ಅಯ್ಯ, ಬ್ಯಾಡವಾ, ನಿನಗ್ಯಾಕ ತ್ರಾಸು? ಗಿಡಾ ಅಷ್ಟ ಒಯ್ಯಿ."

"ನಮ್ಮ ಹುಡುಗಿ ಸಲುವಾಗಿ ನಿಮ್ಮ ನಿದ್ದಿ ಹೋಗೈತಿ. ತ್ರಾಸಂತ, ತ್ರಾಸು!" ಎಂದು ಗೊಣಗುತ್ತ ಕುಂಡ ಎತ್ತಿಕೊಂಡು ಹೋದಳು.

ಕೊಡುವುದು ನನಗೆ ಸಲೀಸು. ಮರಿ ಕೇಳಿದರೆ ಮರಿ, ರಜೆ ಹಾಕಿದವರ ಪಿರಿಯಡ್ಡು ತಗೊಳ್ಳಿ ಎಂದರೆ ಅದೂ ಸರಿ. ಇನ್ನೊಬ್ಬರಿಂದ ತೆಗೆದುಕೊಳ್ಳುವುದೆಂದರೆ ಮಾತ್ರ ಎಲ್ಲಿಲ್ಲದ ಸಂಕೋಚ. ಹೀಗಾಗಿ ಆಮೇಲೂ ದೀಪದ ಕೆಳಗೇ ಹೊರಳಾಡಿದೆ.

ಎಳ್ಳಮಾವಾಸ್ಯೆಯ ಹೊತ್ತಿಗೆ ಒಂದು ಸಂಜೆ ಮಾಬೂಬಿ ಗೋಡೆಯಾಚೆಯಿಂದ ಕೂಗಿದಳು. ಹೋಗಿ ನೋಡಿದರೆ ಕುಂಡದ ತುಂಬ ಮೊಗ್ಗು, ಒಂದೆರಡು ಅರಳಿಯೂ ಇವೆ. ನನಗೆ ಅಳುವೇ ಬಂತು. ನಿದ್ದೆಗೆಟ್ಟವರಿಗೆ ಅದು ಬೇಗ ಬರುತ್ತದೆ.

"ಎತ್ತಿ ಕೊಡ್ಲ್ಯಾ? ಮನಿಗೆ ಒಯ್ತೀರೇನ್ರಿ?" ಎಂದಳು.

"ಬ್ಯಾಡ, ಇಲ್ಲೇ ಇರ್ಲಿ" ಎಂದು ಮನೆಗೆ ಬಂದೆ. ದಿಂಬು, ಚಾದರ ಕಂಕುಳಲ್ಲಿಟ್ಟುಕೊಂಡು, ಬಾಗಿಲಿಗೆ ಕೀಲಿ ಹಾಕಿ, ಅವಳ ಹಿತ್ತಲಿಗೆ ನಡೆದೆ.