ಕೌದಿ ನೋಡುವ ನರ್ಸಮ್ಮ

ಸೊಕ್ಕೆಯ ನರ್ಸಮ್ಮ ಅಂಜಿನಮ್ಮ ಯಾರ ನಾಡಿಯನ್ನೂ ಹಿಡಿಯಬೇಕಾಗಿರಲಿಲ್ಲ. ಹಿತ್ತಲಲ್ಲಿ ಒಣಹಾಕಿದ ಬಟ್ಟೆ ನೋಡಿದರೆ ಸಾಕು, ಆ ಮನೆಯ ಹೊಟ್ಟೆಯ ಸುದ್ದಿಯೆಲ್ಲ ಅವಳಿಗೆ ತಿಳಿಯುತ್ತಿತ್ತು. ಎಂಬತ್ತೆರಡರ ಬೇಸಿಗೆಯಲ್ಲಿ ಊರಿಗೆ ವಾಂತಿಭೇದಿ ಬಂದಾಗ ಜನ ಹೆದರಿ ಕಾಯಿಲೆ ಮುಚ್ಚಿಟ್ಟರು. ಆದರೆ ಹಾಸಿ ಹೊದೆಯುವ, ಹಬ್ಬಕ್ಕೊಮ್ಮೆ ಮಾತ್ರ ಒಗೆಯುವ ಕೌದಿ ಒದ್ದೆಯಾದರೆ ಮುಚ್ಚಿಡುವುದು ಹೆಂಗೆ? ಹಬ್ಬ ಹತ್ತಿರವಿಲ್ಲದ ದಿನ ಬೇಲಿಯ ಮೇಲೆ ಕೌದಿ ಕಂಡಿತೋ, ಬಸ್ಸಿನಲ್ಲಿ ಕೂತಿದ್ದರೂ ಕಂಡಕ್ಟರನ ಕೈಲಿ ಸೀಟಿ ಊದಿಸಿ ಇಳಿದುಬಿಡುತ್ತಿದ್ದಳು. ಯಾರಿಗೆ ಹುಷಾರಿಲ್ಲ ಅಂತ ಕೇಳುತ್ತಲೇ ಇರಲಿಲ್ಲ. "ಕೌದಿ ಎಲ್ಲಿ ಒಗೆದ್ರಿ?" ಅನ್ನುತ್ತಿದ್ದಳು. ಬಾವಿಕಟ್ಟೆ ಅಂದರೆ ಮುಗಿಯಿತು. "ನಿಮ್ಮನೆ ಭೇದೀನ ಊರಿಗೆಲ್ಲಾ ಕುಡಿಸ್ತೀರೇನ್ರೀ?" ಅಂತ ಬೈದು, ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿಸಿ, ಮಲಗಿದವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಉಪ್ಪು ಸಕ್ಕರೆ ಕದಡಿದ ನೀರನ್ನು ಚಮಚ ಚಮಚವಾಗಿ ಕುಡಿಸುತ್ತಿದ್ದಳು. ಅಷ್ಟು ಹೊತ್ತೂ ಬೈಗುಳ ಮಾತ್ರ ನಿಲ್ಲುತ್ತಿರಲಿಲ್ಲ. ಅವಳ ಕೈಲಿ ಎಷ್ಟು ಬೈಸಿಕೊಂಡರೆ ಅಷ್ಟು ಬೇಗ ಎದ್ದು ಕೂರಬಹುದು ಅಂತ ಊರೇ ನಂಬಿತ್ತು. ಇಂಥವಳ ಕ್ವಾರ್ಟರ್ಸಿನ ಹಿತ್ತಲ ಹಗ್ಗ ಒಮ್ಮೆ ಎರಡು ದಿನ ಬರಿದಾಗಿತ್ತು. ದಿನಾ ಹಾರಾಡುತ್ತಿದ್ದ ಬಿಳಿ ಸೀರೆಯೂ ಇರಲಿಲ್ಲ. ಅದನ್ನು ಗಮನಿಸಿದವಳು ಪಕ್ಕದ ಮನೆಯ ಅಖ್ತರ್‌ಬೀ, ಹಿಂದಿನ ವಾರವಷ್ಟೇ ಬೈಸಿಕೊಂಡು ಬದುಕಿದವಳು. ಬಾಗಿಲು ತಳ್ಳಿದರೆ ನರ್ಸಮ್ಮ ನೆಲದ ಮೇಲಿದ್ದಳು, ಅವಳ ಕೌದಿ ಅಡುಗೆಮನೆಯೊಳಗೆ ಕಟ್ಟಿದ ಹಗ್ಗದಲ್ಲಿ ಒಣಗುತ್ತಿತ್ತು. "ಹೊರಗೆ ಹಾಕಿದ್ರೆ ಊರೇ ಧೈರ್ಯ ಬಿಡತೈತಕ್ಕಾ," ಅಂದಳು, ದನಿಯೇ ಏಳದೆ. ಅಖ್ತರ್‌ಬೀ ಅವಳ ತಲೆಯನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡಳು, ಚಮಚ ಹಿಡಿದಳು, ಕಣ್ಣೊರೆಸಿಕೊಂಡು ತನಗೆ ಬಂದಷ್ಟು ಗಟ್ಟಿಯಾಗಿ ಬೈಯಲು ಶುರುಮಾಡಿದಳು.