ನಾವೆಗೆ ಜಾಜು

ಬೆಳಗ್ಗೆ ನಾವೆಗೆ ಕಾಲಿಡುವ ಮುಂಚೆ ಪೀರಮ್ಮ ಕಾಗಿಣಾ ಹೊಳೆಯ ನೀರನ್ನು ಬೊಗಸೆಯಲ್ಲಿ ಎತ್ತಿ ನಾವೆಯ ಮೂತಿಗೆ ಸುರಿಯುತ್ತಿದ್ದಳು. "ತಾಯಿ, ಕಾಲಿಡತೀನಿ. ಸಿಟ್ಟಾಗಬ್ಯಾಡ" ಎನ್ನುತ್ತಿದ್ದಳು. ಜ್ವರ ಬಂದ ದಿನವೂ ಇದು ತಪ್ಪಿದ್ದಿಲ್ಲ. ಗಂಡ ದೇವಿಂದ್ರಪ್ಪ ತೀರಿಕೊಂಡ ಮೇಲೆ ಮೊದಲ ಸಲ ತಾನೇ ಹುಟ್ಟು ಹಿಡಿದ ದಿನವೂ ತಪ್ಪಲಿಲ್ಲ. ಬೇಸಿಗೆಯಲ್ಲಿ ನಾವೆ ದಡದ ಮೇಲೆ ಬೋರಲು ಬಿದ್ದಿರುವಾಗ ಕೊಡದಲ್ಲಿ ನೀರು ತಂದು ಸುರಿಯುತ್ತಿದ್ದಳು.

ರಾಜ್ಯಕ್ಕೆ ಇನ್ನೂ ಮೈಸೂರೆಂಬ ಹೆಸರಿದ್ದ ಕಾಲ. ಮಳೆಗಾಲದಲ್ಲಿ ಹೊಳೆ ತುಂಬಿದರೆ ಮಳಖೇಡದ ಕೋಟೆಯ ಕೆಳಗಿನ ಎರಡು ಕಡವುಗಳಿಂದಲೇ ಜನ ಆಚೆಯ ಹೊಲಗಳಿಗೆ ದಾಟಬೇಕಿತ್ತು. ದಾಟಿಸಿದ್ದಕ್ಕೆ ಸುಗ್ಗಿಯಲ್ಲಿ ಮನೆಮನೆಯಿಂದ ಜೋಳ ಬರುತ್ತಿತ್ತು. ಅದೇ ಪೀರಮ್ಮನ ವರ್ಷದ ರೊಟ್ಟಿ.

ಆ ರೊಟ್ಟಿಗೆ ಮಣ್ಣು ಬಿದ್ದದ್ದು ಒಂದು ಡಬ್ಬಿ ಬಣ್ಣದಿಂದ.

ಪ್ರತಿ ವರ್ಷ ಕಾರಹುಣ್ಣಿಮೆಯ ಹಿಂದಿನ ದಿನ, ಊರವರೆಲ್ಲ ಎತ್ತುಗಳ ಮೈಗೆ ಬಣ್ಣ ಹಚ್ಚುವ ಹೊತ್ತಿಗೆ, ದೇವಿಂದ್ರಪ್ಪ ತನ್ನ ನಾವೆಗೆ ಅಗಸೆ ಎಣ್ಣೆಯಲ್ಲಿ ಕಲಸಿದ ಜಾಜು ಹಚ್ಚುತ್ತಿದ್ದ. ಗೋಡೆಗೆ ಬಳಿಯುವ ಅದೇ ಕೆಂಪು ಮಣ್ಣು. ಅವನು ಸತ್ತ ವರ್ಷ ಪೀರಮ್ಮ ಜಾಜು ಕಲಸಲು ಕೂತಾಗ, ಮೇಲಿನ ಕಡವಿನಲ್ಲಿ ನಾವೆ ನಡೆಸುವ ಮೈದುನ ಅಂಬರಾಯ ಬಟ್ಟಲನ್ನೇ ಕಿತ್ತುಕೊಂಡ.

"ವೈನಿ, ನಾವಿ ಅಂದ್ರ ಗಂಗಮ್ಮ. ಗಂಡ ಸತ್ತಾಕಿ ಕೈಲೆ ಆಕಿಗಿ ಕೆಂಪು ಹಚ್ಚಬಾರದು. ನಾ ಹಚ್ಚತೀನಿ, ಬಿಡ್ರಿ."

ದೇವರ ಹೆಸರು ಬಂದದ್ದಕ್ಕೆ ಪೀರಮ್ಮ ತಲೆ ತಗ್ಗಿಸಿ ಬಿಟ್ಟುಕೊಟ್ಟಳು. ಅಂಬರಾಯ ವಾಡಿ ಜಂಕ್ಷನ್ನಿನಿಂದ ರೈಲು ಬೋಗಿಗಳಿಗೆ ಬಳಿಯುವ ಕೆಂಪು ಬಣ್ಣದ ಡಬ್ಬಿ ತಂದು, ಹಳೆಯದನ್ನು ಕೆರೆಯದೆ, ಮಳೆಗೆ ನೆನೆದ ಹಲಗೆಯ ಮೇಲೆಯೇ ಬಳಿದ. ನಾಲ್ಕು ದಿನ ನಾವೆ ಮದುವಣಗಿತ್ತಿಯಂತೆ ಹೊಳೆಯಿತು. ದಸರೆಯ ಹೊತ್ತಿಗೆ ಬಣ್ಣ ಬೊಬ್ಬೆ ಎದ್ದು ಹಪ್ಪಳದಂತೆ ಕಳಚಿತು. ಕೆಳಗಿನ ಮರ ಬೂದಿಗೆ ತಿರುಗಿತ್ತು. ಜನ ಅದನ್ನು "ತೊನ್ನು ಹತ್ತಿದ ನಾವಿ" ಎಂದು ಕರೆದರು. ಗಂಡನನ್ನು ತಿಂದವಳ ನಾವೆಗೆ ಬಣ್ಣ ಹೇಗೆ ನಿಂತೀತು ಎಂಬ ಮಾತೂ ಹುಟ್ಟಿತು. ಒಬ್ಬೊಬ್ಬರೇ ಮೇಲಿನ ಕಡವಿಗೆ, ಅಂಬರಾಯನ ನಾವೆಗೆ ಹೋಗತೊಡಗಿದರು.

"ಯವ್ವಾ ಪೀರವ್ವ," ಎಂದಳು ಬಳೆ ಮಾರುವ ಇಮಾಮ್‌ಬೀ ಒಂದು ದಿನ. "ನಿನ್ನ ಮೈದುನನ ನಾವಿ ನೋಡೀಯೇನು? ಅಗಸಿ ಎಣ್ಣಿ ಕುಡದು ಮಿರಿಮಿರಿ ಮಿಂಚಾಕತ್ತದ. ಆ ಡಬ್ಬಿ ಬಣ್ಣ ತನ್ನದಕ್ಕ ಒಂದು ಹನಿ ಹಚ್ಚಿಲ್ಲ. ಭಾಳ ಶಾಣ್ಯಾ ಇದ್ದಾನ ಬಿಡು!"

ಅಂದು ಹತ್ತಿದ ಸಿಟ್ಟು ಪೀರಮ್ಮನಿಗೆ ಬೇಸಿಗೆಯಿಡೀ ಆರಲಿಲ್ಲ. ನೀರು ಇಳಿದ ಮೇಲೆ ನಾವೆಯನ್ನು ಬೋರಲು ಹಾಕಿಸಿ, ಕಳೆ ತೆಗೆಯುವ ಕುರ್ಪಿಯಿಂದ ಕೆರೆಯಲು ಕೂತಳು. ಒಂದೊಂದು ಹಪ್ಪಳ ಕಿತ್ತಾಗಲೂ ಅಂಬರಾಯನಿಗೆ ಒಂದು ಬೈಗುಳ. ಬೈದ ಬಾಯಿಂದಲೇ ಗಂಗಮ್ಮನಲ್ಲಿ ಕ್ಷಮೆ. ಶಾಬಾದಿ ಕಲ್ಲಿನ ಚೂರು ಹಿಡಿದು, ಬೂದಿ ಹೋಗಿ ಮರದ ಜೇನುಬಣ್ಣ ಕಾಣುವವರೆಗೆ ತಿಕ್ಕಿದಳು. ಸಂದುಗಳಿಗೆ ರಾಳದಲ್ಲಿ ಅದ್ದಿದ ಹತ್ತಿ ತುರುಕಿದಳು. ಆಮೇಲೆ ಬಿಸಿ ಅಗಸೆ ಎಣ್ಣೆ. ಹಚ್ಚಿದಷ್ಟನ್ನೂ ಮರ ಕುಡಿಯಿತು. ಹಸಿದು ಬಂದವರಿಗೆ ಅಂಬಲಿ ಬಡಿಸಿದ ಹಾಗೆ, ಅದು ಸಾಕೆನ್ನುವವರೆಗೂ ಕುಡಿಸಿದಳು.

ಕಾರಹುಣ್ಣಿಮೆಯ ಹಿಂದಿನ ದಿನ ಜಾಜು ಕಲಸಿ ಹಚ್ಚತೊಡಗಿದಾಗ ಅಂಬರಾಯ ಊರಿನ ಇಬ್ಬರು ಹಿರಿಯರನ್ನು ಕರೆತಂದ.

"ನೋಡ್ರಿ, ಹೇಳಿದ್ರೂ ಕೇಳವಲ್ಲಳು. ಊರಿಗೇ ಕೇಡು ತರ್ತಾಳ."

ಪೀರಮ್ಮ ಎದ್ದು ನಿಂತಳು. ಕೈ ಮೊಣಕೈತನಕ ಕೆಂಪಾಗಿತ್ತು.

"ಹ್ವಾದ ದೀಪಾವಳಿಗಿ ನಿನ್ನ ಮನಿ ಗ್ವಾಡಿಗಿ ಜಾಜು ಬಳದಾಕಿ ಯಾರೋ ಅಂಬರಾಯ? ನಾನೇ! ಅವತ್ತ ಈ ಕೈ ನಡೀತು. ನಿನ್ನ ಗ್ವಾಡಿಗಿ ನಡದದ್ದು ನನ್ನ ನಾವಿಗಿ ಯಾಕ ನಡಿಯಂಗಿಲ್ಲ? ಗಂಗಮ್ಮ ಅಂದಿ, ನಂಬಿ ಬಿಟ್ಟೆ. ತಾಯಿ ಮೈಗಿ ತೊನ್ನು ಹಚ್ಚಿದಾಂವ ನೀನು! ಶಾಸ್ತ್ರ ಹೇಳಾಕ ನನ್ನ ಮುಂದ ಬಂದು ನಿಂತೀ!"

ಹಿರಿಯರಲ್ಲಿ ಒಬ್ಬ ಕೆಮ್ಮಿ, ಎತ್ತು ತೊಳೆಯುವುದಿದೆ ಎಂದು ಹೊರಟ. ಇನ್ನೊಬ್ಬ ಅವನ ಬೆನ್ನಿಗೇ ನಡೆದ.

ಹೊಳೆ ತುಂಬಿ ಬಂದ ದಿನ ನಾವೆ ನೀರಿಗಿಳಿಯಿತು. ತಿಕ್ಕಿದ ಹುಣಸೆ ಬೀಜದ ಹಾಗೆ ಕೆಂಪಗೆ ಹೊಳೆಯುತ್ತಿತ್ತು. ಜನ ದಡದಲ್ಲಿ ನಿಂತು ಕಣ್ತುಂಬ ನೋಡಿದರು, ಹತ್ತಲಿಲ್ಲ. ಇಮಾಮ್‌ಬೀ ಒಬ್ಬಳೇ ಬಳೆಯ ಬುಟ್ಟಿಯೊಡನೆ ಹೋಗಿ ಕೂತಳು.

"ನನಗ ನಿಮ್ಮ ಗಂಗಮ್ಮನೂ ಬೈಯಂಗಿಲ್ಲ, ನಿನ್ನ ಹೆಸರಾಗಿನ ಪೀರನೂ ಬೈಯಂಗಿಲ್ಲ. ನಡಸವ್ವ!"

ಒಂದಿಬ್ಬರು ನಕ್ಕರು. ಕಾಲು ಮಾತ್ರ ಮುಂದೆ ಬರಲಿಲ್ಲ.

ಆಗ ಅಂಬರಾಯ ಹತ್ತಿರ ಬಂದು ದನಿ ತಗ್ಗಿಸಿದ. "ವೈನಿ, ಆಗಿದ್ದು ಆಗಿ ಹೋಯ್ತು. ನನ್ನ ಹೆಂಡತಿನ್ನ ಕರೀತೀನಿ, ನಾವಿ ಮೂತಿಗಿ ಒಂದು ಬೊಟ್ಟು ಕುಂಕುಮ ಹಚ್ಚಲಿ. ಮುತ್ತೈದಿ ಕೈ ಬಿತ್ತಂದ್ರ ಎಲ್ಲಾರೂ ಹತ್ತತಾರ. ನಿಮ್ಮ ಸಲುವಾಗೇ ಹೇಳಾಕತ್ತೀನಿ."

ಒಂದು ಬೊಟ್ಟಿಗೆ ನಾವೆ ತುಂಬುತ್ತಿತ್ತು, ಸುಗ್ಗಿಗೆ ಜೋಳ ಬರುತ್ತಿತ್ತು. ಆದರೆ ಬರುವ ವರ್ಷ ಮತ್ತೆ ಆ ಕೈಗೆ ಕಾಯಬೇಕು, ಅದರ ಮುಂದಿನ ವರ್ಷವೂ. ಪೀರಮ್ಮ ಬಗ್ಗಿ ಬೊಗಸೆ ನೀರೆತ್ತಿ ಮೂತಿಗೆ ಸುರಿದಳು.

"ತಾಯಿ, ಕಾಲಿಡತೀನಿ. ಇವತ್ತ ಸಿಟ್ಟಾದಾಕಿ ನಾನು, ನೀ ಆಗಬ್ಯಾಡ."

ಹುಟ್ಟು ಹಿಡಿದು ಮೈದುನನ ಕಡೆ ತಿರುಗಿದಳು.

"ಬ್ಯಾಡ ತಮ್ಮಾ. ನಿನ್ನ ಹೆಂಡತಿ ಹೊಳಿ ದಾಟೋದಿದ್ರ ಕರಿ, ದಾಟಸ್ತೀನಿ. ಕುಂಕುಮ ಹಚ್ಚಾಕ ಕರೀಬ್ಯಾಡ."