ಬಾಗಿಲು ಮೆಲ್ಲಗೆ
ಹರಳು ಬೆಳೆಸುವ ಪ್ರಯೋಗಾಲಯದಲ್ಲಿ ಕುಲುಮೆಯ ಉಸ್ತುವಾರಿ ಆಕೆಯದು. ಎಲ್ಲರ ಬಾಯಲ್ಲೂ ಅವಳು 'ಕುಲುಮೆ ಅಕ್ಕ'. ಕುಲುಮೆ ಉರಿಯುವಾಗ ಯಾರಾದರೂ ಬಾಗಿಲು ಬಡಿದರೋ, ಮುಗಿಯಿತು. "ಹರಳು ಬೆಚ್ಚಿಬಿದ್ದು ಬಿರುಕು ಬಿಟ್ರೆ ನೀವು ಬಂದು ಹೊಲೀತೀರಾ ಸಾರ್?" ಎಂದು ನಿರ್ದೇಶಕರನ್ನೂ ಗದರಿಸಿಬಿಡುತ್ತಾಳೆ. ಸೀನು ಬಂದವರು ಅಂಗಳಕ್ಕೆ ಓಡಬೇಕು. ಬಾಹ್ಯಾಕಾಶ ನಿಲ್ದಾಣದಲ್ಲೂ ಆಕೆಯದೊಂದು ಪುಟ್ಟ ಕುಲುಮೆಯಿದೆ. ಅದರ ಸುದ್ದಿ ಎತ್ತಿದರೆ ಸಾಕು, ಮುಖ ಊರಗಲ. "ಅಲ್ಲಿ ಭಾರ ಅನ್ನೋದೇ ಇಲ್ಲ, ಬಾಗಿಲು ಬಡಿಯೋರೂ ಇಲ್ಲ. ಹರಳು ಹೇಳಿದ ಮಾತು ಕೇಳ್ಕೊಂಡು ಬೆಳೆಯುತ್ತೆ!" ಅಂಥವಳ ಮನೆಯಲ್ಲಿ, ಹದಿನಾರರ ಮಗಳು ಸಿಟ್ಟು ಬಂದಾಗಲೆಲ್ಲ ಬಾಗಿಲನ್ನು ದಢಾರನೆ ಬಡಿಯುತ್ತಾಳೆ. ಗಂಡ ಹೌಹಾರಿ ಹೆಂಡತಿಯ ಮುಖ ನೋಡುತ್ತಾನೆ. ಕುಲುಮೆ ಅಕ್ಕ ನೆಮ್ಮದಿಯಾಗಿ ಟೀ ಹೀರುತ್ತ ಹೇಳುತ್ತಾಳೆ: "ಬಡೀಲಿ ಬಿಡಿ. ಅವಳು ಬೆಳೀಬೇಕಾಗಿರೋದು ಭೂಮಿ ಮೇಲೆ."